ಹಳ್ಳ ನೇರ ಮಾಡಿಸಿದ ಮೇಲೆ ಬಾವಿ ಇಳಿಯುತ್ತಿದೆ. ನಿಮ್ಮ ಕಡೆ ಯಾರಿಗಾದರೂ ಹೀಗಾಗಿದೆಯಾ?

ಹಳ್ಳದಂಚು (ಹೊಸನಗರ ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ಶಿವರಾತ್ರಿ ಇನ್ನೂ ಬಂದಿಲ್ಲ, ನಮ್ಮ ತೋಟದ ಬಾವಿ ಆಗಲೇ ತಳ ಕಾಣುತ್ತಿದೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ನಾಲ್ಕು ಎಕರೆ ಅಡಿಕೆ ತೋಟ. ಪಕ್ಕದಲ್ಲೇ ಹಳ್ಳ. ಹೋಗಿ ಶರಾವತಿ ಸೇರುವ ಸಣ್ಣ ಹಳ್ಳ. ನಮ್ಮಲ್ಲಿ ಅದು ದೊಡ್ಡ ಸುತ್ತು ಹಾಕಿಕೊಂಡು ಹೋಗುತ್ತಿತ್ತು. 2019ರ ಆಗಸ್ಟ್ ಮಳೆಗೆ ನೀರು ಉಕ್ಕಿ ತೋಟದೊಳಗೆ ನುಗ್ಗಿತು. 2021ರ ಜುಲೈನಲ್ಲೂ ಹಾಗೇ ಆಯಿತು. ಬುಡಕ್ಕೆ ಹಾಕಿದ ಸೊಪ್ಪು, ಗೊಬ್ಬರ ಎಲ್ಲ ಕೊಚ್ಚಿಕೊಂಡು ಹೋಯಿತು. ಬೇಸತ್ತು 2022ರ ಏಪ್ರಿಲ್‌ನಲ್ಲಿ ಹಿಟಾಚಿ ತರಿಸಿ ಸುತ್ತನ್ನು ಕಡಿದು ಹಳ್ಳ ನೇರ ಮಾಡಿಸಿದೆ. ಮೊದಲು ಸುಮಾರು 300 ಮೀಟರ್ ಸುತ್ತುತ್ತಿದ್ದ ಹಳ್ಳ ಈಗ 180 ಮೀಟರಿನಲ್ಲಿ ಮುಗಿಯುತ್ತದೆ. ಎರಡು ಅಡಿ ಆಳವನ್ನೂ ಮಾಡಿಸಿದೆ. ಹಳೆಯ ಸುತ್ತನ್ನು ಮುಚ್ಚಿ 120 ಅಡಿಕೆ ಸಸಿ ನೆಟ್ಟೆ.

ಆ ಮಳೆಗಾಲ ತೋಟಕ್ಕೆ ನೀರು ಬರಲಿಲ್ಲ. ಮುಂದಿನ ಬೇಸಿಗೆಯಲ್ಲಿ ಹಳ್ಳದಲ್ಲಿ ನೀರು ಮೊದಲಿಗಿಂತ ಜಾಸ್ತಿಯೇ ಹರಿಯಿತು. ಒಳ್ಳೆಯ ಕೆಲಸ ಮಾಡಿದೆ ಅಂದುಕೊಂಡೆ. 2023ರಲ್ಲಿ ಬರ ಬಂತು, 2024ರ ಬೇಸಿಗೆಯಲ್ಲಿ ಬಾವಿ ಇಳಿಯಿತು. ಬರದಿಂದ ಅಂತ ಸುಮ್ಮನಾದೆ. ಆದರೆ ಕಳೆದ ಆಗಸ್ಟ್‌ನಲ್ಲಿ ಲಿಂಗನಮಕ್ಕಿ ಗೇಟು ತೆಗೆಯುವಷ್ಟು ಮಳೆ ಬಂದಿದೆ. ಆದರೂ ಬಾವಿ ಹೀಗೆ. 26 ಅಡಿ ಬಾವಿ. ಮೊದಲು ಶಿವರಾತ್ರಿ ಹೊತ್ತಿಗೆ 19 ಅಡಿಯಲ್ಲಿ ನೀರು ಇರುತ್ತಿತ್ತು. ಈಗ 23ಕ್ಕೆ ಹೋಗಿದೆ. ಪಂಪು ಮುಕ್ಕಾಲು ಗಂಟೆ ಓಡಿದರೆ ಗಾಳಿ ಎಳೆಯುತ್ತದೆ.

ಹಳ್ಳ ನೇರ ಮಾಡಿದ್ದಕ್ಕೂ ಬಾವಿಗೂ ಸಂಬಂಧ ಇದೆಯಾ? ಇದ್ದರೆ ಸರಿ ಮಾಡಲು ಆಗುತ್ತದಾ?

ಕೆಂಪುಕಲ್ಲು (ರಿಪ್ಪನ್‌ಪೇಟೆ)

ಸಂಬಂಧ ಇಲ್ಲ ಮಾರಾಯ್ರೆ. ಸುತ್ತಮುತ್ತ ಎಷ್ಟು ಬೋರ್ ಕೊರೆಸಿದ್ದಾರೆ ಎಣಿಸಿ. ಉತ್ತರ ಅಲ್ಲೇ ಇದೆ. ಹಳ್ಳ ಆಳ ಮಾಡಿದರೆ ನೀರು ಜಾಸ್ತಿ ನಿಲ್ಲಬೇಕು, ಕಡಿಮೆ ಆಗುವುದು ಹೇಗೆ?

ಹಳ್ಳದಂಚು

ಅರ್ಧ ಕಿಲೋಮೀಟರ್ ಒಳಗೆ ಎರಡೇ ಬೋರ್ ಇವೆ ಅಣ್ಣ. ಎರಡೂ 2015ಕ್ಕಿಂತ ಹಿಂದಿನವು. ಆಗ ಬಾವಿಗೆ ಏನೂ ಆಗಿರಲಿಲ್ಲ.

ತುಂಗೆ ತೀರ (ತೀರ್ಥಹಳ್ಳಿ)

ನಮ್ಮೂರಲ್ಲೂ ಇದೇ ಕಥೆ. ಹಳ್ಳದ ಹೂಳು ತೆಗೆಯುವ ಕೆಲಸ ಅಂತ ಮರಳು, ಕಲ್ಲು, ದಡದ ಮುಂಡುಗ ಎಲ್ಲ ಕಿತ್ತು ಚರಂಡಿ ತರ ಮಾಡಿದರು. ಎರಡೇ ವರ್ಷಕ್ಕೆ ಮೂರು ಮನೆಯ ಬಾವಿ ಏಪ್ರಿಲ್‌ನಲ್ಲಿ ಒಣಗಿತು.

ನೀರಳತೆ (ಶಿವಮೊಗ್ಗ)

ನೀರಾವರಿ ಕೆಲಸದಲ್ಲಿ ಮೂವತ್ತು ವರ್ಷ ಕಳೆದವನು ನಾನು. ಈಗ ನಿವೃತ್ತಿ. ಕೆಂಪುಕಲ್ಲು ಅವರು ಕೇಳಿದ ಪ್ರಶ್ನೆ ಬಹಳ ಜನ ಕೇಳುತ್ತಾರೆ, ಅದಕ್ಕೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಕೆರೆ ಆಳ ಮಾಡುವುದು ಬೇರೆ, ಹಳ್ಳ ಆಳ ಮಾಡುವುದು ಬೇರೆ. ಕೆರೆಗೆ ಏರಿ ಇದೆ. ಆಳ ಮಾಡಿದಷ್ಟೂ ನೀರು ನಿಲ್ಲುತ್ತದೆ. ಹಳ್ಳಕ್ಕೆ ಏರಿ ಇಲ್ಲ, ಮುಂದಿನ ಬಾಗಿಲು ತೆರೆದೇ ಇರುತ್ತದೆ. ಉದ್ದಕ್ಕೂ ಆಳ ಮಾಡಿದರೆ ಅದು ನೀರು ನಿಲ್ಲುವ ಜಾಗ ಅಲ್ಲ, ನೀರು ಬಸಿದು ಹೋಗುವ ಜಾಗ.

ನಿಮ್ಮ ತೋಟದಲ್ಲಿ ಬಸಿಗಾಲುವೆ ಯಾಕೆ ತೆಗೆಯುತ್ತೀರಿ? ಬೇರಿನ ಹತ್ತಿರದ ನೀರು ಇಳಿಯಲಿ ಅಂತ ಅಲ್ವಾ? ಕಾಲುವೆ ಎಷ್ಟು ಆಳವೋ ಪಕ್ಕದ ಮಣ್ಣಿನ ನೀರು ಅಷ್ಟಕ್ಕೇ ಇಳಿಯುತ್ತದೆ. ಹಳ್ಳ ಅಂದರೆ ಇಡೀ ಕಣಿವೆಯ ಬಸಿಗಾಲುವೆ. ಅದರ ತಳ ಎಲ್ಲಿದೆಯೋ ಬೇಸಿಗೆಯಲ್ಲಿ ಪಕ್ಕದ ಬಾವಿಯ ನೀರು ಅದರ ಮಟ್ಟ ಹುಡುಕಿಕೊಂಡು ಇಳಿಯುತ್ತದೆ.

ಮೊದಲ ಬೇಸಿಗೆಯಲ್ಲಿ ಹಳ್ಳದಲ್ಲಿ ನೀರು ಜಾಸ್ತಿ ಹರಿಯಿತು ಅಂದಿರಿ. ಆ ನೀರು ನಿಮ್ಮ ತೋಟದ ಅಡಿಯಲ್ಲಿ ಕೂಡಿಟ್ಟದ್ದು. ಹಳ್ಳದ ತಳ ಇಳಿದ ಕೂಡಲೇ ಮಣ್ಣಿನೊಳಗಿನ ನೀರು ಅದಕ್ಕೆ ಬಸಿಯಲು ಶುರುವಾಯಿತು. ಕೂಡಿಟ್ಟದ್ದು ಖಾಲಿಯಾಗುವ ತನಕ ಹರಿವು ಚೆನ್ನಾಗಿ ಕಾಣುತ್ತದೆ. ಆಮೇಲೆ ಹಳ್ಳವೂ ಇಲ್ಲ, ಬಾವಿಯೂ ಇಲ್ಲ.

ಇನ್ನು ನೇರ ಮಾಡಿದ್ದು. ಸುತ್ತಿನ ತಲೆಯಿಂದ ಕೊನೆಗೆ ಇಳಿತ ಎಷ್ಟು ಅಂತ ಗೊತ್ತಾ?

ಹಳ್ಳದಂಚು

ಸರಿಯಾಗಿ ಅಳೆದಿಲ್ಲ ಸರ್. ಐದು ಅಡಿ ಇರಬಹುದು.

ನೀರಳತೆ

ಐದು ಅಡಿ ಅಂದರೆ ಒಂದೂವರೆ ಮೀಟರ್. 300 ಮೀಟರಿಗೆ ಒಂದೂವರೆ ಅಂದರೆ 100 ಮೀಟರಿಗೆ ಅರ್ಧ ಮೀಟರ್ ಇಳಿಜಾರು. ಈಗ ಅದೇ ಒಂದೂವರೆ ಮೀಟರ್ 180ರಲ್ಲಿ ಇಳಿಯಬೇಕು. 100ಕ್ಕೆ 83 ಸೆಂಟಿಮೀಟರ್ ಆಯಿತು. ನೀರಿನ ಆಳ ಅಷ್ಟೇ ಇದ್ದರೂ ವೇಗ ಸುಮಾರು 30% ಹೆಚ್ಚುತ್ತದೆ. ದಡದ ಗಿಡ, ಬೇರು, ಕಲ್ಲು ತೆಗೆದದ್ದರಿಂದ ಇನ್ನೂ ಹೆಚ್ಚು.

ವೇಗ ಹೆಚ್ಚಿದ ನೀರು ಬರೀ ಓಡುವುದಿಲ್ಲ, ಕೊರೆಯುತ್ತದೆ. ನೀರಿನ ವೇಗ ಎರಡರಷ್ಟಾದರೆ ಅದು ಉರುಳಿಸಬಲ್ಲ ಕಲ್ಲಿನ ತೂಕ 64 ಪಟ್ಟು ಅಂತ ನಾವು ಓದಿದ್ದೆವು. ನೀವು ಎರಡು ಅಡಿ ತೋಡಿಸಿದಿರಿ. ಈಗ ಎಷ್ಟಾಗಿದೆ ನೋಡಿ. ಎರಡರಲ್ಲೇ ನಿಂತಿರುವುದಿಲ್ಲ.

ಇನ್ನೊಂದು ಕೆಲಸ ಮಾಡಿ. ಕಡಿದ ಜಾಗದಿಂದ ಹಳ್ಳದಲ್ಲೇ ಮೇಲಕ್ಕೆ ನಡೆದುಕೊಂಡು ಹೋಗಿ. ಎಲ್ಲಾದರೂ ತಳ ಮೆಟ್ಟಿಲಿನ ತರ ಒಮ್ಮೆಗೇ ಎತ್ತರ ಆಗಿದೆಯಾ ನೋಡಿ.

ಕೆಂಪುಕಲ್ಲು

ಸರ್, ಲೆಕ್ಕ ಒಪ್ಪುತ್ತೇನೆ. ಆದರೆ ಅಡಿಕೆ ಬೇರು ನೀರಲ್ಲಿ ನಿಂತರೆ ಮರ ಉಳಿಯುವುದಿಲ್ಲ. ಆಗಸ್ಟ್‌ನಲ್ಲಿ ನೀರು ಹೋಗಲೇಬೇಕು. ಹಳ್ಳ ಮುಟ್ಟಬೇಡಿ ಅನ್ನುವವರು ನಮ್ಮ ತೋಟದಲ್ಲಿ ಒಂದು ಮಳೆಗಾಲ ಇದ್ದು ನೋಡಲಿ. ರೈತ ಸುಮ್ನೆ ಹಿಟಾಚಿಗೆ ಗಂಟೆ ಲೆಕ್ಕದಲ್ಲಿ ದುಡ್ಡು ಕೊಡುವುದಿಲ್ಲ.

ನೀರಳತೆ

ನಿಮ್ಮ ಮಾತು ಸರಿ. ತೋಟದ ಬಸಿಗಾಲುವೆ ಬೇಕೇ ಬೇಕು. ನಾನು ಹೇಳುತ್ತಿರುವುದು ಹಳ್ಳದ ತಳದ ವಿಷಯ. ಬಸಿಗಾಲುವೆಗೆ ಎರಡೂವರೆ ಅಡಿ ಸಾಕಾಗುವಲ್ಲಿ ಹಳ್ಳ ಐದಾರು ಅಡಿ ಇಳಿದರೆ ಆಗಸ್ಟ್‌ನ ನೀರಿನ ಜೊತೆ ಮಾರ್ಚ್‌ನ ನೀರೂ ಹೋಗುತ್ತದೆ.

ಹತ್ತುಮೀನು (ಕೊಪ್ಪ)

ಹೊಸನಗರದವರೆ, ನಿಮ್ಮ ಹಳ್ಳದಲ್ಲಿ ಜೂನ್‌ನಲ್ಲಿ ಮೀನು ಹತ್ತುತ್ತದಾ ಈಗ? ನಮ್ಮ ಕಡೆ ಮೊದಲ ನೆರೆಗೆ ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಮೀನು ಹತ್ತಿ ಬಂದು ಮೊಟ್ಟೆ ಇಡುತ್ತಿತ್ತು. ರಾತ್ರಿ ಗ್ಯಾಸ್‌ಲೈಟ್ ಹಿಡಿದು ಇಡೀ ಊರು ಹಳ್ಳಕ್ಕೆ ಇಳಿಯುತ್ತಿತ್ತು. ಈಗ ಮೋರಿ ಕಟ್ಟಿದ ಮೇಲೆ ಅದರ ಬಾಯಲ್ಲಿ ಮೂರಡಿ ಹಾರಬೇಕು. ಮೀನು ಅಲ್ಲೇ ಗುಂಪು ಕಟ್ಟಿ ನಿಲ್ಲುತ್ತದೆ.

ತುಂಗೆ ತೀರ

ನಮ್ಮಲ್ಲೂ ಕಡಿಮೆ. ಏಡಿಯೂ ಕಾಣುವುದಿಲ್ಲ. ಕಲ್ಲೇ ಇಲ್ಲದ ಮೇಲೆ ಏಡಿ ಎಲ್ಲಿ ಇರಬೇಕು?

ಸೊರಬದ ಗದ್ದೆ

ನಾನು ಬೇರೆ ಒಂದು ವಿಷಯ ಸೇರಿಸುತ್ತೇನೆ. ಎಲ್ಲರೂ ಹಳ್ಳ ನೋಡುತ್ತಿದ್ದೀರಿ, ಹಳ್ಳದ ಎರಡೂ ಕಡೆ ಏನಿತ್ತು ಅಂತ ನೋಡುತ್ತಿಲ್ಲ.

ನಮ್ಮ ಅಜ್ಜನ ಕಾಲದಲ್ಲಿ ಕಣಿವೆಯ ತಗ್ಗು ಪೂರ್ತಿ ಗದ್ದೆ. ಜೂನ್‌ನಿಂದ ಅಕ್ಟೋಬರ್ ತನಕ ಪ್ರತಿ ಗದ್ದೆಯಲ್ಲಿ ಎರಡು ಮೂರು ಇಂಚು ನೀರು. ಹಾಳಿ, ಅಂದರೆ ಗದ್ದೆಯ ಬದು, ಗಟ್ಟಿ ಇರುತ್ತಿತ್ತು. ಹಳ್ಳ ಉಕ್ಕಿದರೆ ಗದ್ದೆ ಮೇಲೆ ಹರಡಿ ಕೂರುತ್ತಿತ್ತು, ಹೂಳು ಬಿಟ್ಟು ಮೆಲ್ಲಗೆ ಇಳಿಯುತ್ತಿತ್ತು. ನಾಲ್ಕು ತಿಂಗಳು ಭೂಮಿ ಕುಡಿಯುತ್ತಿತ್ತು.

ಈಗ ಗದ್ದೆ ತೋಟವಾಗಿದೆ. ಉಳಿದದ್ದಕ್ಕೆ ಶುಂಠಿ. ಎರಡಕ್ಕೂ ನೀರು ನಿಲ್ಲಬಾರದು. ಹಾಳಿ ಕಡಿದು ಕಾಲುವೆ ತೆಗೆದೆವು. ಆ ಕಾಲುವೆಗಳ ನೀರೆಲ್ಲ ಒಟ್ಟಿಗೆ ಹಳ್ಳಕ್ಕೆ ಬಂತು, ಹಳ್ಳ ಸಾಕಾಗಲಿಲ್ಲ, ಹಳ್ಳ ಅಗಲ ಮಾಡಿದೆವು. ಕೆಳಗಿನವರ ತೋಟಕ್ಕೆ ನೆರೆ ಬಂತು, ಅವರೂ ಹಿಟಾಚಿ ತಂದರು. ಸೊರಬದಿಂದ ಸಾಗರದ ತನಕ ಇದೇ ನಡೆದಿದೆ. ನಾನೂ ಎರಡು ಎಕರೆ ಗದ್ದೆ ತೋಟ ಮಾಡಿದವನೇ. ಭತ್ತದಲ್ಲಿ ಮಕ್ಕಳನ್ನು ಓದಿಸಲು ಆಗಲಿಲ್ಲ. ಆದರೂ ಗದ್ದೆ ಹೋದದ್ದರ ಲೆಕ್ಕ ಯಾರೂ ಹಾಕಿಲ್ಲ ಅನ್ನುವುದು ನನಗೆ ನೋವು.

ನಾಲೆ ಕೊನೆ (ಭದ್ರಾವತಿ)

ಗದ್ದೆಯ ಮಾತು ನೂರಕ್ಕೆ ನೂರು ನಿಜ. ಭದ್ರಾ ನಾಲೆಗೆ ನೀರು ಬಿಟ್ಟು ಗದ್ದೆಗೆ ಹರಿಸಿದ ಹದಿನೈದು ದಿನಕ್ಕೆ ನಮ್ಮ ಬಾವಿ ಏರುತ್ತದೆ. ನೀರು ನಿಲ್ಲಿಸಿದ ಮೇಲೆ ಇಳಿಯುತ್ತದೆ. ಚಿಕ್ಕಂದಿನಿಂದ ನೋಡಿದ್ದೇನೆ. ನಮ್ಮ ಕಡೆ ಒಂದು ಸಣ್ಣ ತೂಬುಗಾಲುವೆಗೆ ಕಾಂಕ್ರೀಟ್ ಹಾಕಿದರು. ಕೊನೆಯವರಿಗೆ ನೀರು ಬೇಗ ತಲುಪಿತು, ಅದು ಒಳ್ಳೆಯದೇ. ಆದರೆ ಕಾಲುವೆ ಪಕ್ಕದ ಎರಡು ಬಾವಿ ಮೊದಲಿನ ಹಾಗೆ ಏರಲಿಲ್ಲ.

ಪೇಟೆಮನೆ (ಶಿವಮೊಗ್ಗ)

ಕಾಂಕ್ರೀಟ್ ಅಂದ ಕೂಡಲೇ ಬರೆಯದೆ ಇರಲು ಆಗಲಿಲ್ಲ. ನಮ್ಮ ಬಡಾವಣೆಯ ಹಿಂದೆ ಒಂದು ಹಳ್ಳ ಇತ್ತು. ಅದನ್ನು ಮೂರು ಕಡೆ ಕಾಂಕ್ರೀಟ್ ಹಾಕಿ ಪೆಟ್ಟಿಗೆ ಚರಂಡಿ ಮಾಡಿದರು. ಮೊದಲು ಮನೆಯ ಬಾವಿಯಲ್ಲಿ ಕೈ ಹಗ್ಗಕ್ಕೆ ನೀರು ಸಿಗುತ್ತಿತ್ತು. ಈಗ ಮಳೆಗಾಲದಲ್ಲೂ ಹತ್ತು ಅಡಿ ಕೆಳಗೆ. ಆದರೆ ಅರ್ಧ ಗಂಟೆ ಜೋರು ಮಳೆ ಬಂದರೆ ರಸ್ತೆ ತುಂಬಾ ನೀರು. ಎರಡೂ ಒಟ್ಟಿಗೆ ಹೇಗೆ ಸಾಧ್ಯ ಅಂತ ಈ ಚರ್ಚೆ ಓದಿದ ಮೇಲೆ ಅರ್ಥವಾಗುತ್ತಿದೆ. ಹಳ್ಳಕ್ಕೂ ನೆಲಕ್ಕೂ ಮಾತೇ ಇಲ್ಲದ ಹಾಗೆ ಗೋಡೆ ಕಟ್ಟಿದ್ದಾರೆ.

ಹಳ್ಳದಂಚು

ನೀರಳತೆ ಸರ್, ಬೆಳಿಗ್ಗೆ ಹಳ್ಳದಲ್ಲಿ ನಡೆದುಕೊಂಡು ಹೋಗಿ ಬಂದೆ. ನನಗೆ ಕೈಕಾಲು ತಣ್ಣಗಾಯಿತು.

ಕಡಿದ ಜಾಗದಿಂದ ಸುಮಾರು 60 ಮೀಟರ್ ಮೇಲೆ ನೀವು ಹೇಳಿದ ಮೆಟ್ಟಿಲು ಇದೆ. ಎರಡೂವರೆ ಅಡಿ ಎತ್ತರ. ಸಣ್ಣ ಅಬ್ಬಿಯ ತರ ನೀರು ಬೀಳುತ್ತಿದೆ. ಅದರ ಪಕ್ಕದ ದೊಡ್ಡ ಹೊಳೆಮತ್ತಿ ಮರದ ಬೇರು ಗಾಳಿಯಲ್ಲಿ ನೇತಾಡುತ್ತಿದೆ. ಆ ಜಾಗಕ್ಕೆ ಹಿಟಾಚಿ ಹೋಗೇ ಇಲ್ಲ! ನಾನು ಮುಟ್ಟೇ ಇಲ್ಲ ಅಲ್ಲಿ.

ನೇರ ಮಾಡಿದ ಜಾಗದಲ್ಲಿ ತಳ ಈಗ ಮೊದಲಿಗಿಂತ ಮೂರೂವರೆ ಅಡಿ ಕೆಳಗಿದೆ. ಎರಡು ನಾನು ತೋಡಿಸಿದ್ದು. ಒಂದೂವರೆ ನೀರೇ ಕೊರೆದದ್ದು. ಮೇಲಿನ ಮನೆಯ ದೊಡ್ಡಮ್ಮನನ್ನು ಕೇಳಿದೆ. ಅವರ ಬಾವಿಯೂ ಈ ವರ್ಷ ಒಂದು ಅಡಿ ಇಳಿದಿದೆಯಂತೆ. ಅವರು ನನಗೆ ಏನೂ ಅನ್ನಲಿಲ್ಲ. ನಾನೇ ತಲೆ ತಗ್ಗಿಸಿಕೊಂಡು ಬಂದೆ.

ನೀರಳತೆ

ಅದೇ ನೋಡಿ ನನಗೆ ಭಯ ಇದ್ದದ್ದು. ತಳ ಒಂದು ಕಡೆ ಇಳಿದರೆ ಆ ಮೆಟ್ಟಿಲು ಪ್ರತಿ ಮಳೆಗಾಲ ಹಿಂದಕ್ಕೆ, ಅಂದರೆ ಮೇಲಕ್ಕೆ ಸರಿಯುತ್ತದೆ. ನೀರು ಧುಮುಕುವಲ್ಲಿ ಬುಡ ಕೊರೆಯುತ್ತದೆ, ಮೇಲಿನ ಮಣ್ಣು ಕುಸಿಯುತ್ತದೆ, ಮೆಟ್ಟಿಲು ಇನ್ನಷ್ಟು ಹಿಂದೆ ಹೋಗುತ್ತದೆ. ಬಂಡೆ ಸಿಗುವ ತನಕ ನಿಲ್ಲುವುದಿಲ್ಲ. ಮುಂದಿನ ಮಳೆಗೆ ಮೊದಲು ಅದನ್ನು ತಡೆಯಬೇಕು. ಬೇರೆಲ್ಲ ಆಮೇಲೆ.

ಬೆಂಗಳೂರಲ್ಲಿ ಮಲೆನಾಡು

ನಾನು ಅಂತರ್ಜಲ ವಿಷಯದಲ್ಲೇ ಓದುತ್ತಿದ್ದೇನೆ, ಊರು ತೀರ್ಥಹಳ್ಳಿ ಹತ್ತಿರ. ಬೋರ್ ವಿಷಯಕ್ಕೆ ಒಂದು ಮಾತು.

ನಮ್ಮ ಕಡೆ ಬಹಳ ಜಾಗದಲ್ಲಿ ಮೇಲೆ ಕೆಂಪುಕಲ್ಲು, ಅದರ ಕೆಳಗೆ ಜೇಡಿ, ಅದರ ಕೆಳಗೆ ಬಂಡೆ. ಮಳೆ ನೀರು ಕೆಂಪುಕಲ್ಲಿನ ತೂತುಗಳಲ್ಲಿ ಬೇಗ ಇಳಿಯುತ್ತದೆ. ಜೇಡಿ ತಡೆಯುತ್ತದೆ. ಅಲ್ಲಿಂದ ಪಕ್ಕಕ್ಕೆ ಹರಿದು ಗುಡ್ಡದ ಬುಡದಲ್ಲಿ ಒರತೆಯಾಗಿ ಹಳ್ಳಕ್ಕೆ ಬರುತ್ತದೆ. ಅದಕ್ಕೇ ಆಗುಂಬೆಯಂಥ ಕಡೆ ವರ್ಷಕ್ಕೆ 7000 ಮಿಲಿಮೀಟರ್ ಮಳೆ ಬಂದರೂ ಏಪ್ರಿಲ್‌ನಲ್ಲಿ ಗುಡ್ಡದ ಮೇಲಿನ ಮನೆಗೆ ನೀರಿಲ್ಲ. ಎಷ್ಟು ಮಳೆ ಬಂತು ಅನ್ನುವುದಕ್ಕಿಂತ ಬಂದದ್ದು ಎಷ್ಟು ನಿಧಾನ ಹೋಯಿತು ಅನ್ನುವುದು ನಮಗೆ ಮುಖ್ಯ.

ತೆರೆದ ಬಾವಿ ಕುಡಿಯುವುದು ಈ ಮೇಲಿನ ಪದರದ ನೀರು. ಬೋರ್ ಬಂಡೆಯ ಬಿರುಕಿನಿಂದ ತೆಗೆಯುತ್ತದೆ. ಬಿರುಕಿಗೂ ನೀರು ಇಳಿಯಬೇಕಾದದ್ದು ಮೇಲಿನ ಪದರದಿಂದಲೇ. ಹಾಗಾಗಿ ಕೆಂಪುಕಲ್ಲು ಅಣ್ಣ ಹೇಳಿದ್ದು ಪೂರ್ತಿ ತಪ್ಪಲ್ಲ, ಬೋರ್ ಜಾಸ್ತಿಯಾದಲ್ಲಿ ಬಾವಿಗೂ ಪೆಟ್ಟು ಬೀಳುತ್ತದೆ. ಆದರೆ ಈ ಬಾವಿಯ ವಿಷಯದಲ್ಲಿ ಹಳ್ಳದ ತಳ ಮೂರೂವರೆ ಅಡಿ ಇಳಿದಿದೆ, ಬಾವಿ ನಾಲ್ಕು ಅಡಿ ಇಳಿದಿದೆ. ಎರಡೂ ಹೊಂದುತ್ತದೆ.

ಒಂದು ಲೆಕ್ಕ ಹಾಕಿದೆ. ನಾಲ್ಕು ಎಕರೆಯ ಅಡಿಯಲ್ಲಿ ನೀರು ಸರಾಸರಿ ಮೂರು ಅಡಿ ಇಳಿದಿದೆ ಅಂದುಕೊಳ್ಳಿ. ಆ ಮಣ್ಣಿನಲ್ಲಿ ಹತ್ತರಲ್ಲಿ ಒಂದು ಭಾಗ ಬಿಟ್ಟುಕೊಡುವ ನೀರು ಅಂತ ಹಿಡಿದರೆ ಸುಮಾರು 14ರಿಂದ 15 ಲಕ್ಷ ಲೀಟರ್. ಎಕರೆಗೆ 550 ಮರ, ಹನಿ ನೀರಾವರಿಯಲ್ಲಿ ಮರಕ್ಕೆ ದಿನಕ್ಕೆ 18 ಲೀಟರ್ ಅಂದರೆ ನಾಲ್ಕು ಎಕರೆಗೆ ದಿನಕ್ಕೆ ಸುಮಾರು 40 ಸಾವಿರ ಲೀಟರ್. ಅಂದರೆ ಐದು ವಾರದ ನೀರು ಹಳ್ಳಕ್ಕೆ ಬಸಿದು ಹೋಗಿದೆ.

ಹಳ್ಳದಂಚು

ಐದು ವಾರ! ಮಾರ್ಚ್ ಕೊನೆಯಿಂದ ಮೊದಲ ಅಡ್ಡಮಳೆ ತನಕ ನನಗೆ ಬೇಕಾದದ್ದೇ ಅಷ್ಟು.

ಕಾನಂಚು (ಸಿದ್ದಾಪುರ)

ನಮ್ಮ ಮನೆ ಕತ್ತಲೆಕಾನಿನಿಂದ ತುಂಬಾ ದೂರ ಇಲ್ಲ. ಅಲ್ಲಿ ರಾಮಪತ್ರೆ ಜಡ್ಡಿ, ಅಂದರೆ ರಾಮಪತ್ರೆ ಮರಗಳ ಜೌಗು ಕಾಡು, ಇದೆ. ನೋಡದವರು ಒಮ್ಮೆ ನೋಡಿ. ಕಾನಿನೊಳಗೆ ಹಳ್ಳ ಹಳ್ಳದ ತರ ಹರಿಯುವುದೇ ಇಲ್ಲ. ಬೇರುಗಳ ನಡುವೆ ಹರಡಿಕೊಂಡು, ನಿಂತು, ಮತ್ತೆ ಮುಂದೆ ಹೋಗುತ್ತದೆ. ಮರಗಳು ಉಸಿರಾಡಲು ಬೇರನ್ನು ಮೊಣಕಾಲಿನ ತರ ಮೇಲೆ ಎತ್ತಿಕೊಂಡಿವೆ. ಮೇ ತಿಂಗಳಲ್ಲೂ ಕಾಲು ಇಟ್ಟರೆ ಒದ್ದೆ.

ಹಿಂದೆ ಇಂಥ ಜಡ್ಡಿಗಳನ್ನು ಕಡಿದು, ನಡುವೆ ಕಾಲುವೆ ತೆಗೆದು ಗದ್ದೆ, ತೋಟ ಮಾಡಿದರು. ಕಾಲುವೆ ತೆಗೆದಲ್ಲಿ ಜಡ್ಡಿ ಒಣಗಿತು. ಕೆಳಗಿನ ಒರತೆ ನಿಂತಿತು. ನಮ್ಮ ಅತ್ತೆ ಹೇಳುತ್ತಿದ್ದರು, ಮೇಲಿನ ಜಡ್ಡಿ ಇದ್ದಾಗ ಗುಡ್ಡದಿಂದ ಮನೆಗೆ ಬರುವ ಅಬ್ಬಿ ನೀರು ವರ್ಷವಿಡೀ ನಿಂತದ್ದೇ ಇಲ್ಲ ಅಂತ.

ಬೆಂಗಳೂರಲ್ಲಿ ಮಲೆನಾಡು

ಅಕ್ಕ ಬರೆದದ್ದು ಓದಿ ಕಿಸಿಮ್ಮಿ ನದಿ ನೆನಪಾಯಿತು. ಅಮೆರಿಕದ ಫ್ಲೋರಿಡಾದಲ್ಲಿದೆ. ಅಂಕುಡೊಂಕಾಗಿ 166 ಕಿಲೋಮೀಟರ್ ಹರಿಯುತ್ತಿದ್ದ ನದಿಯನ್ನು ನೆರೆ ತಡೆಯಲು 1962ರಿಂದ 1971ರ ನಡುವೆ ತೋಡಿ 90 ಕಿಲೋಮೀಟರಿನ ನೇರ ಕಾಲುವೆ ಮಾಡಿದರು. ಎರಡೂ ದಡದ ಜೌಗು ಒಣಗಿತು, ಹಕ್ಕಿ, ಮೀನು ಹೋದವು. ಆಮೇಲೆ ಅದೇ ಸರ್ಕಾರ 1999ರಲ್ಲಿ ಕಾಲುವೆಯ ಒಂದಷ್ಟು ಭಾಗಕ್ಕೆ ಮಣ್ಣು ತುಂಬಿಸಲು ಶುರು ಮಾಡಿತು. ಕೆಲಸ 2021ರಲ್ಲಿ ಮುಗಿಯಿತು. ಸುಮಾರು 35 ಕಿಲೋಮೀಟರ್ ಕಾಲುವೆ ಮುಚ್ಚಿ ನದಿಯನ್ನು ಹಳೆಯ ಸುತ್ತಿಗೆ ತಿರುಗಿಸಿದರು. ತೋಡಲು ಹತ್ತು ವರ್ಷ, ಸರಿ ಮಾಡಲು ಇಪ್ಪತ್ತು ವರ್ಷಕ್ಕೂ ಜಾಸ್ತಿ.

ಕೆಂಪುಕಲ್ಲು

ಅದು ದೊಡ್ಡ ನದಿ, ದೊಡ್ಡ ಸರ್ಕಾರ. ಇಲ್ಲಿ ನಾಲ್ಕು ಎಕರೆಯ ಒಬ್ಬ ರೈತ. 120 ಸಸಿ ಕಿತ್ತು ಹಳೆಯ ಸುತ್ತಿಗೆ ಹಳ್ಳ ಬಿಡಿ ಅಂದರೆ ಅವನು ಏನು ಮಾಡಬೇಕು? ಮೂರು ವರ್ಷದ ಸಸಿ ಅವು.

ಗ್ರಾಮನಕ್ಷೆ (ಸಾಗರ)

ಕಹಿ ಅನ್ನಿಸಿದರೂ ಹೇಳುತ್ತೇನೆ. ಆ 120 ಸಸಿ ಯಾರ ಜಾಗದಲ್ಲಿವೆ ಅಂತ ಮೊದಲು ನೋಡಿಕೊಳ್ಳಿ. ಹಳ್ಳ ಅಂದರೆ ಸಾಮಾನ್ಯವಾಗಿ ಬ ಖರಾಬು, ಅಂದರೆ ಸಾರ್ವಜನಿಕ ಬಳಕೆಗೆ ಬಿಟ್ಟ ಜಾಗ. 1964ರ ಭೂಕಂದಾಯ ಕಾಯ್ದೆಯ 67ನೇ ಕಲಂ ಪ್ರಕಾರ ಬೇರೆಯವರ ಹಕ್ಕು ಸಾಬೀತಾಗದ ಹಳ್ಳ, ಹೊಳೆ, ಕೆರೆ ಎಲ್ಲ ಸರ್ಕಾರದ್ದು. ಹಳ್ಳ ನೀವು ಪಕ್ಕಕ್ಕೆ ಸರಿಸಿದ ಮಾತ್ರಕ್ಕೆ ನಕ್ಷೆಯ ಹಳ್ಳ ಸರಿಯುವುದಿಲ್ಲ. ಸರ್ಕಾರದ ಸರ್ವೆ ನಕ್ಷೆ ತೋರಿಸುವ ದಿಶಾಂಕ್ ಆ್ಯಪ್‌ನಲ್ಲಿ ಹಳೆಯ ಸುತ್ತಿನ ಮೇಲೆ ನಿಂತು ನೋಡಿ. ಆಮೇಲೆ ಗ್ರಾಮನಕ್ಷೆಯ ಪ್ರತಿ ತೆಗೆಸಿ.

ನಮ್ಮ ಪಕ್ಕದ ಊರಲ್ಲಿ ಇದೇ ವಿಷಯಕ್ಕೆ ಅಣ್ಣತಮ್ಮಂದಿರ ನಡುವೆ ಆರು ವರ್ಷ ಕೇಸು ನಡೆಯಿತು. ಕೆಳಗಿನ ತೋಟದವನಿಗೆ ನೆರೆ ಬಂದಾಗ ಶುರುವಾದದ್ದು.

ಹಳ್ಳದಂಚು

ಆ್ಯಪ್‌ನಲ್ಲಿ ನೋಡಿದೆ. ಅರ್ಧಕ್ಕಿಂತ ಜಾಸ್ತಿ ಹಳ್ಳದಲ್ಲೇ ತೋರಿಸುತ್ತಿದೆ. ನನಗೆ ನಿಜವಾಗಿ ಗೊತ್ತಿರಲಿಲ್ಲ. ಹಳ್ಳ ನಮ್ಮ ಜಾಗದ ನಡುವೆ ಹೋಗುತ್ತದೆ ಅಂತ ಅಪ್ಪ ಹೇಳುತ್ತಿದ್ದರು, ಅದೇ ನಂಬಿಕೆ. ಸಸಿಗಿಂತ ಬಾವಿ ದೊಡ್ಡದು ನನಗೆ. ಆದರೆ ಹಳೆಯ ಸುತ್ತನ್ನು ಒಮ್ಮೆಗೇ ತೆರೆಯಲು ಧೈರ್ಯ ಇಲ್ಲ. ತೋಟಕ್ಕೆ ಮತ್ತೆ ನೀರು ನುಗ್ಗಿದರೆ?

ಸೊರಬದ ಗದ್ದೆ

ಕಟ್ಟ ಕಟ್ಟಿ. ನಮ್ಮ ಹಿರಿಯರು ಮಾಡುತ್ತಿದ್ದದ್ದು ಅದನ್ನೇ. ದೀಪಾವಳಿ ಕಳೆದ ಮೇಲೆ ಹರಿವು ಇಳಿದಾಗ ಹಳ್ಳಕ್ಕೆ ಅಡ್ಡ ಗೂಟ ಹೊಡೆದು, ಸೊಪ್ಪು, ಹುಲ್ಲು, ಮಣ್ಣು ತುಳಿದು ಒಡ್ಡು. ಮೊದಲ ನೆರೆಗೆ ಅದೇ ಕೊಚ್ಚಿ ಹೋಗುತ್ತಿತ್ತು. ಹೂಳು ತುಂಬುತ್ತಿರಲಿಲ್ಲ, ದಡ ಒಡೆಯುತ್ತಿರಲಿಲ್ಲ. ಕಟ್ಟುವ ದಿನ ಮನೆಗೊಬ್ಬ ಆಳು ಬರಲೇಬೇಕು. ಮಧ್ಯಾಹ್ನಕ್ಕೆ ಅವಲಕ್ಕಿ, ಬೆಲ್ಲ, ಮಜ್ಜಿಗೆ. ನಾನು ಹುಡುಗನಾಗಿದ್ದಾಗ ಮಣ್ಣು ತುಳಿಯುವ ಕೆಲಸ ನಮ್ಮದು.

ತುಂಗೆ ತೀರ

ಅವಲಕ್ಕಿ ಜೊತೆ ನಮ್ಮಲ್ಲಿ ಕಾಯಿಸುಳಿ ಹಾಕುತ್ತಿದ್ದರು!

ಕಾನಂಚು

ಈಗ ಮನೆಗೊಬ್ಬ ಆಳು ಎಲ್ಲಿಂದ? ನಮ್ಮ ಕೇರಿಯ ಎಂಟು ಮನೆಯಲ್ಲಿ ಅರವತ್ತಕ್ಕಿಂತ ಚಿಕ್ಕವರು ಮೂರೇ ಜನ. ನಾವು ಹೋದ ವರ್ಷ ಮರಳು ಚೀಲದಲ್ಲಿ ಕಟ್ಟ ಹಾಕಿದೆವು. ಚೀಲ ಮೇ ತಿಂಗಳಲ್ಲಿ ತೆಗೆಯಲು ಮರೆತರೆ ಪ್ಲಾಸ್ಟಿಕ್ ಎಲ್ಲ ಹಳ್ಳದ ಪಾಲು. ಅದನ್ನು ನೆನಪಿಡಿ.

ತುಂಗೆ ತೀರ

ಹಲಗೆ ಹಾಕಿ ತೆಗೆಯುವ ಕಿಂಡಿ ಅಣೆಕಟ್ಟಿನದೂ ಅದೇ ಕಷ್ಟ. ನಮ್ಮಲ್ಲಿ ಚೆನ್ನಾಗಿ ಕಟ್ಟಿಕೊಟ್ಟರು. ಹಲಗೆ ಹಾಕುವವರು ಯಾರು, ತೆಗೆಯುವವರು ಯಾರು ಅಂತ ಗೊತ್ತಾಗದೆ ಎರಡು ವರ್ಷ ಹಲಗೆ ಪಂಚಾಯ್ತಿ ಶೆಡ್ಡಿನಲ್ಲೇ ಇದ್ದವು. ಒಂದು ವರ್ಷ ಜೂನ್‌ನಲ್ಲಿ ತೆಗೆಯದೆ ನೀರು ಪಕ್ಕದ ದಡ ಒಡೆದುಕೊಂಡು ಹೊಸ ದಾರಿ ಮಾಡಿತು.

ನೀರಳತೆ

ಬೇಸಿಗೆ ಕಟ್ಟ ಒಳ್ಳೆಯದು. ಆದರೆ ಹೊಸನಗರದವರ ತೊಂದರೆಗೆ ಅದೊಂದೇ ಸಾಲದು. ಅವರ ಹಳ್ಳದ ತಳವೇ ಇಳಿದಿದೆ. ತಳವನ್ನು ಮೇಲೆ ತರಬೇಕು. ನನ್ನ ಸಲಹೆ ಇಷ್ಟು.

ಮೊದಲು ಮೇಲಿನ ಮೆಟ್ಟಿಲು. ಅಲ್ಲಿ ಗೋಡೆ ಕಟ್ಟಬೇಡಿ. ಕಲ್ಲನ್ನು ಇಳಿಜಾರಾಗಿ ಹಾಸಿ. ಎರಡೂವರೆ ಅಡಿ ಎತ್ತರಕ್ಕೆ ಕಡಿಮೆ ಅಂದರೂ 25 ಅಡಿ ಉದ್ದ ಇರಲಿ. ದೊಡ್ಡ ಕಲ್ಲು ಕೆಳಗೆ, ಸಂದಿಗೆ ಸಣ್ಣದು. ಸಿಮೆಂಟ್ ಬೇಡ. ನೀರು ಧುಮುಕದೆ ಜಾರಿ ಇಳಿಯುತ್ತದೆ. ಕೊಪ್ಪದವರ ಮೀನೂ ಹತ್ತುತ್ತದೆ.

ಆಮೇಲೆ ನೇರ ಮಾಡಿದ 180 ಮೀಟರಿನಲ್ಲಿ ಒಂದೊಂದು ಅಡಿ ಎತ್ತರದ ಕಲ್ಲಿನ ಒಡ್ಡು. ಎತ್ತರ ಜಾಸ್ತಿ ಬೇಡ. ಕೆಳಗಿನ ಒಡ್ಡಿನ ತಲೆ ಮೇಲಿನ ಒಡ್ಡಿನ ಬುಡದ ಮಟ್ಟಕ್ಕೆ ಬರಬೇಕು. ನಿಮ್ಮ ಇಳಿಜಾರಿಗೆ ಸುಮಾರು 36 ಮೀಟರಿಗೆ ಒಂದು. ಒಟ್ಟು ಐದು. ಒಡ್ಡಿನ ನಡುಭಾಗ ಅಂಚಿಗಿಂತ ತಗ್ಗಿರಲಿ, ಇಲ್ಲದಿದ್ದರೆ ನೀರು ದಡ ಕೊರೆಯುತ್ತದೆ. ಎರಡೂ ತುದಿಯನ್ನು ದಡದೊಳಗೆ ಮೂರಡಿ ಹುಗಿಯಿರಿ. ಒಡ್ಡಿನ ಕೆಳಗೂ ಕಲ್ಲು ಹಾಸಿ. ಮಳೆಗಾಲದಲ್ಲಿ ಒಡ್ಡಿನ ಹಿಂದೆ ಮರಳು, ಜಲ್ಲಿ ಕೂರುತ್ತದೆ. ಅದನ್ನು ತೆಗೆಯಬೇಡಿ! ಹೂಳು ಅಂತ ಯಾರೂ ತೆಗೆಯದ ಹಾಗೆ ನೋಡಿಕೊಳ್ಳಿ. ಆ ಮರಳೇ ನಿಮ್ಮ ಹೊಸ ತಳ. ತುಂಬಿದ ಮೇಲೆ ಅದರ ಮೇಲೆ ಇನ್ನೊಂದು ಅಡಿ ಕಟ್ಟಿ. ಮೂರೂವರೆ ಅಡಿ ವಾಪಸ್ ಬರಲು ಮೂರು ನಾಲ್ಕು ಮಳೆಗಾಲ ಬೇಕು.

ದಡಕ್ಕೆ ಮುಂಡುಗ, ಹೊಳೆಲಕ್ಕಿ, ಬಿದಿರು ನೆಡಿ. ಹಳೆಯ ಸುತ್ತಿನ ಬಾಯಿಯನ್ನು ಒಂದು ಅಡಿ ತಗ್ಗು ಮಾಡಿ ಬಿಡಿ. ಸಾಮಾನ್ಯ ಹರಿವು ನೇರ ಹೋಗಲಿ, ದೊಡ್ಡ ನೆರೆ ಬಂದಾಗ ಮಾತ್ರ ನೀರು ಸುತ್ತಿನ ಮೇಲೆ ಹರಡಲಿ. ಸಸಿ ಕೀಳುವುದು ಬಿಡುವುದು ನಕ್ಷೆ ನೋಡಿ ತಹಶೀಲ್ದಾರ್ ಕಚೇರಿಯಲ್ಲಿ ಮಾತಾಡಿ ತೀರ್ಮಾನ ಮಾಡಿ. ಒಡ್ಡು ಹಾಕಲೂ ಪಂಚಾಯ್ತಿಗೆ ಒಂದು ಅರ್ಜಿ ಕೊಟ್ಟು ಮಾಡಿ, ಹಳ್ಳ ನಮ್ಮದಲ್ಲ. ಸರ್ಕಾರದ ಉದ್ಯೋಗ ಖಾತರಿ ಕೆಲಸದಲ್ಲಿ ಸೇರಿಸಲು ಆಗುತ್ತದಾ ಅಂತಲೂ ಕೇಳಿ.

ಕೆಂಪುಕಲ್ಲು

ಇದು ಆಗುವ ಕೆಲಸ. ಒಂದು ಅಡಿಯ ಒಡ್ಡಾದರೆ ಆಗಸ್ಟ್‌ನಲ್ಲಿ ತೋಟದ ಬಸಿಗಾಲುವೆಗೂ ಅಡ್ಡ ಬರುವುದಿಲ್ಲ. ಆದರೆ ತಳ ಮೇಲೆ ಬರುತ್ತಾ ಬಂದ ಹಾಗೆ ಬಸಿಗಾಲುವೆಯ ಬಾಯಿ ಮುಳುಗದ ಹಾಗೆ ನೋಡಿಕೊಳ್ಳಬೇಕು. ಆ ಮಾತು ನಾನು ಬಿಡುವುದಿಲ್ಲ.

ನೀರಳತೆ

ಬಿಡಬೇಡಿ. ಅದು ಬಹಳ ಮುಖ್ಯ. ಬಸಿಗಾಲುವೆಯ ಬಾಯಿಗಿಂತ ಒಡ್ಡಿನ ತಲೆ ಅರ್ಧ ಅಡಿಯಾದರೂ ಕೆಳಗೆ ಇರಬೇಕು. ಅದಕ್ಕೆ ಮೊದಲು ಮಟ್ಟ ತೆಗೆಯಬೇಕು, ಕಣ್ಣಳತೆ ಸಾಲದು.

ಬೆಂಗಳೂರಲ್ಲಿ ಮಲೆನಾಡು

ಒಂದು ಕೋರಿಕೆ. ಇವತ್ತಿನಿಂದಲೇ ಬಾವಿ ಅಳೆಯಲು ಶುರು ಮಾಡಿ. ಪ್ರತಿ ಭಾನುವಾರ ಬೆಳಿಗ್ಗೆ, ಪಂಪು ಹಾಕುವ ಮೊದಲು, ಹಗ್ಗಕ್ಕೆ ಕಲ್ಲು ಕಟ್ಟಿ. ಬಾವಿಕಟ್ಟೆಯ ಒಂದೇ ಗುರುತಿನಿಂದ. ಮೇಲಿನ ಮನೆಯ ಬಾವಿಯನ್ನೂ ಬರೆದಿಡಿ. ಹಳ್ಳದಲ್ಲಿ ಹರಿವು ನಿಂತುಹೋದ ದಿನಾಂಕವನ್ನೂ ಬರೆಯಿರಿ. ಮಲೆನಾಡಿನ ಸಣ್ಣ ಹಳ್ಳಗಳ ಇಂಥ ಲೆಕ್ಕ ಮನೆಯವರೇ ಬರೆದಿಟ್ಟರೆ ಉಂಟು.

ಹಳ್ಳದಂಚು

ಮಗಳ ಹಳೆಯ ನೋಟ್‌ಬುಕ್ ತೆಗೆದು ಬರೆದೆ. ಇವತ್ತು ನಮ್ಮದು 23 ಅಡಿ 2 ಇಂಚು. ದೊಡ್ಡಮ್ಮನ ಮನೆಯದ್ದು 17 ಅಡಿ 5 ಇಂಚು. ಅವರೇ ಹಗ್ಗ ಹಿಡಿದುಕೊಂಡರು.

ಪಂಚಾಯ್ತಿಗೆ ಸೋಮವಾರ ಅರ್ಜಿ ಕೊಡುತ್ತೇನೆ. ಕಲ್ಲು ಗುಡ್ಡದ ಬುಡದಲ್ಲಿ ನಮ್ಮ ಜಾಗದಲ್ಲೇ ಇದೆ. ಹಳ್ಳದ ತನಕ ಸಾಗಿಸುವುದೇ ಕಷ್ಟ. ಅದಕ್ಕೂ ಮೊದಲು ಮಟ್ಟ ನೋಡಲು ಯಾರನ್ನು ಕೇಳಬೇಕು ಅಂತ ಗೊತ್ತಾಗುತ್ತಿಲ್ಲ.

ನೀರಳತೆ

ನೀರು ತುಂಬಿದ ಪಾರದರ್ಶಕ ಪೈಪು ಇದ್ದರೆ ಸಾಕು. ನನ್ನ ಹತ್ತಿರ 20 ಮೀಟರಿನದು ಇದೆ. ಬರುವ ಭಾನುವಾರ ನಾನೇ ಬರುತ್ತೇನೆ. ಜೊತೆಗೆ ಒಬ್ಬರು ಬೇಕು.

ಕೆಂಪುಕಲ್ಲು

ರಿಪ್ಪನ್‌ಪೇಟೆಯಿಂದ ನಾನೂ ಬರುತ್ತೇನೆ. ಬಸಿಗಾಲುವೆಯ ಬಾಯಿ ನನ್ನ ಕಣ್ಣೆದುರೇ ಅಳೆಯಬೇಕು. ಅರ್ಜಿ ಪಾಸಾದ ಮೇಲೆ ಕಲ್ಲು ಸಾಗಿಸಲು ನನ್ನ ಟ್ರ್ಯಾಕ್ಟರ್ ಇದೆ, ಡೀಸೆಲ್ ಹಾಕಿಸಿ ಸಾಕು. ಎಷ್ಟು ಹೊತ್ತಿಗೆ ಬರಲಿ?

ಹಳ್ಳದಂಚು

ಏಳು ಗಂಟೆಗೆ ಬನ್ನಿ ಅಣ್ಣ. ತಿಂಡಿ ಇಲ್ಲೇ. ಬಾವಿ ಅಳೆಯುವ ಹೊತ್ತೂ ಅದೇ.